ಮೊಹರು ಬೀಳುವ ಮುನ್ನ: ತಂತ್ರಾಂಶದ ಪ್ಯಾಕೇಜಿನಲ್ಲಿ ದ್ವಿಮಾನ ಕಡತಗಳು

ಕಾಲೇಜೊಂದರ ವಿದ್ಯಾರ್ಥಿಗಳು ಕನ್ನಡದಲ್ಲಿ ರಸಪ್ರಶ್ನೆ ಕೇಳುವ ಪುಟ್ಟ ತಂತ್ರಾಂಶವನ್ನು ಜಾವಾ ಭಾಷೆಯಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ವಿಜ್ಞಾನ ವಸ್ತುಪ್ರದರ್ಶನದ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇರುತ್ತದೋ ಇಲ್ಲವೋ ಎಂಬ ಮುಂದಾಲೋಚನೆಯಿಂದ ಫಾಂಟನ್ನೂ ಪ್ಯಾಕೇಜಿನೊಳಗೆ ಸೇರಿಸಿದ್ದಾರೆ. ಅವರ ಪ್ರಯೋಗಾಲಯದಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಪ್ರದರ್ಶನದ ದಿನ, ಕನ್ನಡ ಫಾಂಟ್ ಇಲ್ಲದ ಲಿನಕ್ಸ್ ಕಂಪ್ಯೂಟರಿನಲ್ಲಿ ಅದನ್ನು ತೆರೆದಾಗ ಅಕ್ಷರಗಳಿರಬೇಕಾದ ಜಾಗದಲ್ಲಿ ಸಾಲುಸಾಲು ಖಾಲಿ ಚೌಕಗಳು. ಫಾಂಟ್ ಸೇರಿಸಲು ಮರೆತರೇ? ಪ್ಯಾಕೇಜ್ ಬಿಚ್ಚಿ ನೋಡಿದರೆ ಫಾಂಟ್ ಅಲ್ಲೇ ಇದೆ, ಹೆಸರೂ ಸರಿಯಾಗಿದೆ. ಆದರೆ ಅದರ ಗಾತ್ರ ಮೂಲ ಫಾಂಟಿಗಿಂತ ಬಹಳ ಹೆಚ್ಚು. ಮತ್ತೆ ಪ್ರಯೋಗಾಲಯದಲ್ಲಿ ಸರಿಯಾಗಿ ಕಂಡದ್ದು ಹೇಗೆ? ಜೊತೆಯಲ್ಲಿಟ್ಟ ಫಾಂಟನ್ನು ಓದಲಾಗದಿದ್ದಾಗ ತಂತ್ರಾಂಶ ಸದ್ದಿಲ್ಲದೆ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಕನ್ನಡ ಫಾಂಟನ್ನು ಎತ್ತಿಕೊಂಡಿತ್ತು. ಹೀಗಾಗಿ ತಪ್ಪು ಮೊದಲ ದಿನದಿಂದ ಇದ್ದರೂ ಕಣ್ಣಿಗೆ ಬೀಳಲಿಲ್ಲ.

ಈ ಲೇಖನದ ವಿಷಯ ಆ ಕಡತದ ಪಾಡು. ಇಂದು ಯಾವ ಆನ್ವಯಿಕ ತಂತ್ರಾಂಶವೂ ಬರಿಯ ಆದೇಶಗಳ ಕಟ್ಟಾಗಿ ಬರುವುದಿಲ್ಲ. ಚಿತ್ರ, ಧ್ವನಿ, ಫಾಂಟ್, ಗೂಢಲಿಪಿಯ ಕೀಲಿಗಳು, ಬೇರೆಯವರು ಸಿದ್ಧಪಡಿಸಿದ ಲೈಬ್ರರಿಗಳು ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. ಇವನ್ನೆಲ್ಲ ಒಟ್ಟಾಗಿ ದ್ವಿಮಾನ ಕಡತಗಳೆನ್ನುವುದು ರೂಢಿ. ಪ್ಯಾಕೇಜ್ ಕಟ್ಟುವ ಸಲಕರಣೆಗಳು ಇವುಗಳ ವಿಷಯದಲ್ಲಿ ತೋರುತ್ತ ಬಂದಿರುವ ಅಸಡ್ಡೆಯ ಬಗ್ಗೆ ನನ್ನ ಆಕ್ಷೇಪವಿದೆ.

ಮೊದಲು ಹೆಸರನ್ನೇ ನೋಡೋಣ. ಕಂಪ್ಯೂಟರಿನಲ್ಲಿ ದ್ವಿಮಾನವಲ್ಲದ ಕಡತ ಯಾವುದಿದೆ? ನೀವು ಟೈಪ್ ಮಾಡಿದ ಪತ್ರವೂ 0 ಮತ್ತು 1ರ ಸಾಲೇ. ವ್ಯತ್ಯಾಸವಿರುವುದು ಬೇರೆ ಕಡೆ. ಪಠ್ಯದ ಕಡತದಲ್ಲಿ ಸಾಲು ಮುಗಿಯಿತೆಂದು ಸೂಚಿಸುವ ಗುರುತನ್ನು ಬದಲಿಸಿದರೂ, ಕೊನೆಯಲ್ಲಿ ಒಂದು ಖಾಲಿ ಸಾಲು ಸೇರಿಸಿದರೂ ಅರ್ಥ ಉಳಿಯುತ್ತದೆ. ಹಾಗಾಗಿ ಅಂಥ ಸಣ್ಣಪುಟ್ಟ ತಿದ್ದುಪಡಿಗಳನ್ನು ಮಾಡಲು ಸಲಕರಣೆಗಳಿಗೆ ನಾವು ಸಲಿಗೆ ಕೊಟ್ಟಿದ್ದೇವೆ. ಫಾಂಟಿನಲ್ಲಿ ಆ ಸಲಿಗೆ ನಡೆಯದು. ಟ್ರೂಟೈಪ್ ಫಾಂಟಿನ ಆರಂಭದಲ್ಲಿ ಒಂದು ಸೂಚಿ ಇರುತ್ತದೆ. ಅಕ್ಷರಗಳ ರೇಖಾಚಿತ್ರ ಇಂತಿಷ್ಟನೆಯ ಬೈಟಿನಿಂದ ಆರಂಭ, ಒತ್ತಕ್ಷರ ಜೋಡಿಸುವ ನಿಯಮಗಳು ಇಂತಿಷ್ಟನೆಯ ಬೈಟಿನಿಂದ ಆರಂಭ ಎಂದು ಅದರಲ್ಲಿ ಬರೆದಿರುತ್ತದೆ. ನಡುವೆ ಒಂದೇ ಒಂದು ಬೈಟ್ ಹೆಚ್ಚಾದರೂ ಅದರ ಮುಂದಿನ ಎಲ್ಲ ವಿಳಾಸಗಳೂ ತಪ್ಪುತ್ತವೆ.

ವಿದ್ಯಾರ್ಥಿಗಳ ಫಾಂಟ್ ದೊಡ್ಡದಾದದ್ದು ಹೇಗೆ? ಜಾವಾ ತಂತ್ರಾಂಶಗಳನ್ನು ಕಟ್ಟಲು ಬಳಸುವ ಮೇವನ್ ಎಂಬ ಸಲಕರಣೆಯಲ್ಲಿ 'ಫಿಲ್ಟರಿಂಗ್' ಎಂಬ ಸೌಲಭ್ಯವಿದೆ. ಪಠ್ಯದಲ್ಲಿ ಡಾಲರ್ ಚಿಹ್ನೆ ಹಾಗೂ ಪುಷ್ಪಾವರಣದ ನಡುವೆ ಒಂದು ಹೆಸರು ಬರೆದಿಟ್ಟರೆ, ಪ್ಯಾಕೇಜ್ ಕಟ್ಟುವಾಗ ಅದರ ಜಾಗಕ್ಕೆ ಅಗತ್ಯವಾದ ಬೆಲೆ ಬಂದು ಕೂರುತ್ತದೆ. ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ತುಂಬಲು ಇದು ಬಹಳ ಅನುಕೂಲ. ವಿದ್ಯಾರ್ಥಿಗಳು ಆ ಒಂದು ಸಾಲಿಗಾಗಿ ಫಿಲ್ಟರಿಂಗನ್ನು ಇಡೀ ಫೋಲ್ಡರಿಗೆ ಅನ್ವಯಿಸಿದರು. ಫಾಂಟ್ ಇದ್ದದ್ದೂ ಅದೇ ಫೋಲ್ಡರಿನಲ್ಲಿ.

ಹೆಸರುಗಳನ್ನು ಹುಡುಕಬೇಕಾದರೆ ಮೇವನ್ ಕಡತವನ್ನು ಪಠ್ಯವೆಂದು ಓದಬೇಕು, ಮತ್ತೆ ಪಠ್ಯವಾಗಿ ಬರೆಯಬೇಕು. ಓದುವುದು ಯುಟಿಎಫ್-8 ಸಂಕೇತದಲ್ಲಿ. ಈ ಸಂಕೇತದಲ್ಲಿ 0ರಿಂದ 127ರವರೆಗಿನ ಬೈಟ್‌ಗಳಿಗೆ ಒಂದೊಂದಕ್ಕೂ ಸ್ವತಂತ್ರ ಅರ್ಥವಿದೆ. 128 ಮತ್ತು ಅದಕ್ಕಿಂತ ದೊಡ್ಡ ಬೈಟ್‌ಗಳು ನಿರ್ದಿಷ್ಟ ಕ್ರಮದಲ್ಲಿ ಗುಂಪಾಗಿ ಬಂದರೆ ಮಾತ್ರ ಅರ್ಥ ಕೊಡುತ್ತವೆ. ನಮ್ಮ 'ಕ' ಅಕ್ಷರ 224, 178, 149 ಎಂಬ ಮೂರು ಬೈಟ್‌ಗಳ ಗುಂಪು. ಫಾಂಟಿನ ಬೈಟ್‌ಗಳಿಗೆ ಈ ವ್ಯಾಕರಣ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗುಂಪಿಗೆ ಸೇರದ ಬೈಟ್ ಎದುರಾದಾಗ ಓದುವ ಕಾರ್ಯಕ್ರಮ ಅದನ್ನು ಬಿಸುಟು, ಅದರ ಜಾಗದಲ್ಲಿ 'ಇಲ್ಲೇನೋ ತಿಳಿಯಲಿಲ್ಲ' ಎಂಬ ಅರ್ಥದ ಒಂದು ವಿಶೇಷ ಚಿಹ್ನೆಯನ್ನು ಇಡುತ್ತದೆ. ಮತ್ತೆ ಬರೆಯುವಾಗ ಆ ಚಿಹ್ನೆ 239, 191, 189 ಎಂಬ ಮೂರು ಬೈಟ್ ಆಗುತ್ತದೆ. ಅಂದರೆ ಒಂದು ಹೋಗಿ ಮೂರು ಬಂತು.

ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಿ. ಚೆನ್ನಾಗಿ ಸಂಕುಚಿಸಿದ ಕಡತದಲ್ಲಿ 256 ಬೆಲೆಗಳೂ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ. ಅರ್ಧದಷ್ಟು ಬೈಟ್‌ಗಳು ಹಾಗೆಯೇ ಉಳಿದು, ಉಳಿದರ್ಧದಲ್ಲಿ ಬಹುಪಾಲು ಮೂರುಪಟ್ಟಾದರೆ ಕಡತ ಸುಮಾರು ಎರಡರಷ್ಟಾಗಬೇಕು. ಫಾಂಟಿನಲ್ಲಿ ಸೊನ್ನೆಗಳು ಹೆಚ್ಚಾಗಿರುವುದರಿಂದ ಬೆಳವಣಿಗೆ ಅಷ್ಟಿರುವುದಿಲ್ಲ. ಜಾವಾ ಕೀಸ್ಟೋರ್ ಎಂಬ ಕೀಲಿ ಕಡತದ ಹಳೆಯ ಮಾದರಿ 254, 237, 254, 237 ಎಂಬ ನಾಲ್ಕು ಬೈಟ್‌ಗಳಿಂದ ಆರಂಭವಾಗುತ್ತದೆ. ಫಿಲ್ಟರಿಂಗ್ ಆದ ಮೇಲೆ ಅದರ ತಲೆಯಲ್ಲಿ 239, 191, 189 ಎಂಬುದೇ ನಾಲ್ಕು ಸಲ, ಒಟ್ಟು ಹನ್ನೆರಡು ಬೈಟ್. ಗಾತ್ರಕ್ಕಿಂತ ದೊಡ್ಡ ನಷ್ಟ ಇಲ್ಲಿದೆ: 254 ಮತ್ತು 237 ಎರಡೂ ಒಂದೇ ಚಿಹ್ನೆಯಾದವು. ಯಾವುದು ಯಾವುದಾಗಿತ್ತು ಎಂದು ಇನ್ನು ಯಾರೂ ಹೇಳಲಾರರು. ಈ ಹಾನಿಯನ್ನು ಹಿಂದಕ್ಕೆ ತಿರುಗಿಸುವ ಉಪಾಯವಿಲ್ಲ.

ಮೇವನ್‌ನ ಕೈಪಿಡಿ ಈ ಅಪಾಯವನ್ನು ಮುಚ್ಚಿಟ್ಟಿಲ್ಲ. ಚಿತ್ರದಂಥ ದ್ವಿಮಾನ ಕಡತಗಳನ್ನು ಫಿಲ್ಟರ್ ಮಾಡಬೇಡಿ, ಕೆಡುತ್ತವೆ ಎಂದು ಅದು ಎಚ್ಚರಿಸುತ್ತದೆ. ಫಿಲ್ಟರ್ ಆಗಬೇಕಾದವಕ್ಕೆ ಒಂದು, ಆಗಬಾರದವಕ್ಕೆ ಇನ್ನೊಂದು ಎಂದು ಎರಡು ಫೋಲ್ಡರ್ ಇಡುವ ಸಲಹೆಯನ್ನೂ ಕೊಡುತ್ತದೆ. ಜೆಪೆಗ್, ಗಿಫ್, ಬಿಎಂಪಿ, ಪಿಎನ್‌ಜಿಯಂಥ ಕೆಲವು ಚಿತ್ರ ಮಾದರಿಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಫಾಂಟ್, ಕೀಸ್ಟೋರ್, ಪಿಡಿಎಫ್‌ಗಳನ್ನು ನಾವೇ ಪಟ್ಟಿಗೆ ಸೇರಿಸಬೇಕು. ನನ್ನ ತಕರಾರು ಇರುವುದು ಇಲ್ಲೇ. ಕಡತದ ಹೆಸರಿನ ಬಾಲವನ್ನು ನೋಡಿ ಅದರ ಸ್ವಭಾವ ಊಹಿಸುವ ಪಟ್ಟಿ ಎಂದೂ ಪೂರ್ತಿಯಾಗದು. ಊಹೆ ತಪ್ಪಿದಾಗ ಸಲಕರಣೆ ನಿಂತು ಕೇಳುವುದೂ ಇಲ್ಲ. ಯುಟಿಎಫ್-8 ಓದುವಾಗ ಸಾವಿರಾರು ಕಡೆ ಅರ್ಥವಾಗದ ಬೈಟ್ ಸಿಕ್ಕಿತೆಂದರೆ ಅದು ಪಠ್ಯವಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕೆ? ಆ ಕ್ಷಣದಲ್ಲಿ ಕೆಲಸ ನಿಲ್ಲಿಸಿ ದೋಷ ಸಾರಬೇಕಿತ್ತು. ಅದರ ಬದಲು ಯಶಸ್ವಿಯಾಯಿತೆಂಬ ಸಂದೇಶ ತೆರೆಯ ಮೇಲೆ ಮೂಡುತ್ತದೆ. ಫಿಲ್ಟರಿಂಗ್ ತಾನಾಗಿ ಚಾಲೂ ಆಗುವುದಿಲ್ಲ, ಬಳಸುವವರೇ ಹೇಳಿ ಮಾಡಿಸಬೇಕು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಕೈಪಿಡಿಯ ಪುಟವೊಂದರ ಎಚ್ಚರಿಕೆಯ ಮೇಲೆ ನಿಂತ ಸುರಕ್ಷತೆ ಬಹಳ ದೂರ ನಡೆಯುವುದಿಲ್ಲ.

ಇದೇ ದೋಷ ಕೆಲವೊಮ್ಮೆ ಇನ್ನೂ ಕಪಟವಾಗಿ ಕಾಣಿಸಿಕೊಳ್ಳುತ್ತಿತ್ತು. ಹಳೆಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಜಾವಾ ತಾನಾಗಿ ಆರಿಸಿಕೊಳ್ಳುತ್ತಿದ್ದದ್ದು ವಿಂಡೋಸ್-1252ರಂಥ ಏಕಬೈಟ್ ಸಂಕೇತ. ಅದರಲ್ಲಿ 129, 141, 143, 144, 157 ಎಂಬ ಐದು ಬೆಲೆಗಳಿಗೆ ಮಾತ್ರ ಅರ್ಥ ಕೊಟ್ಟಿಲ್ಲ. ಅವು ಪ್ರಶ್ನಾರ್ಥಕ ಚಿಹ್ನೆಯಾಗುತ್ತಿದ್ದವು, ಉಳಿದವು ಯಥಾವತ್ ಉಳಿಯುತ್ತಿದ್ದವು, ಕಡತದ ಗಾತ್ರ ಒಂದಿಷ್ಟೂ ಬದಲಾಗುತ್ತಿರಲಿಲ್ಲ. 2022ರಲ್ಲಿ ಬಂದ ಜಾವಾ 18ನೆಯ ಆವೃತ್ತಿಯಿಂದ ಎಲ್ಲೆಡೆ ಯುಟಿಎಫ್-8 ಪೂರ್ವನಿಯೋಜಿತವಾಗಿದೆ. ಈಗ ಕೆಡುವುದಾದರೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಕೆಡುತ್ತದೆ. ಅದೂ ಒಂದು ಸುಧಾರಣೆಯೇ.

ಇದು ಹೊಸ ಕಾಯಿಲೆಯಲ್ಲ. 1985ರಲ್ಲಿ ಪ್ರಕಟವಾದ ಎಫ್‌ಟಿಪಿ ನಿಯಮಾವಳಿಯಲ್ಲಿ ಕಡತ ಸಾಗಿಸುವ ಪೂರ್ವನಿಯೋಜಿತ ವಿಧಾನ ಪಠ್ಯದ್ದೇ ಆಗಿತ್ತು. ದ್ವಿಮಾನ ವಿಧಾನಕ್ಕೆ ಬದಲಿಸಲು ಮರೆತವರ ಚಿತ್ರಗಳು ದಾರಿಯಲ್ಲೇ ಹಾಳಾದವು. ಅದರಿಂದ ಪಾಠ ಕಲಿತವರು ಕಡತಗಳ ಮಾದರಿಯನ್ನು ರೂಪಿಸಿದವರು. 1996ರ ಪಿಎನ್‌ಜಿ ಚಿತ್ರಮಾದರಿಯ ಮೊದಲ ಎಂಟು ಬೈಟ್‌ಗಳನ್ನು ನೋಡಿ: 137, 80, 78, 71, 13, 10, 26, 10. ಮೊದಲನೆಯ 137, ಏಳು ಬಿಟ್‌ಗಳನ್ನು ಮಾತ್ರ ಸಾಗಿಸುವ ಮಾರ್ಗದಲ್ಲಿ ಕಡತ ಹಾದುಬಂದಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ. 13 ಮತ್ತು 10ರ ಜೋಡಿ ಹಾಗೂ ಕೊನೆಯ ಒಂಟಿ 10, ಸಾಲಿನ ಅಂತ್ಯದ ಗುರುತನ್ನು ಯಾರಾದರೂ ಯಾವ ದಿಕ್ಕಿನಲ್ಲಿ ಬದಲಿಸಿದರೂ ಹೇಳಿಬಿಡುತ್ತವೆ. 26 ಇರುವುದು ಡಾಸ್ ಕಂಪ್ಯೂಟರಿನಲ್ಲಿ ಚಿತ್ರವನ್ನು ಪಠ್ಯದಂತೆ ತೆರೆದರೆ ತೆರೆಯ ತುಂಬ ಕಸ ಸುರಿಯದಂತೆ ತಡೆಯಲು. ಎಂಟೇ ಬೈಟಿನಲ್ಲಿ ಇಷ್ಟು ಪರೀಕ್ಷೆ! ಪಿಡಿಎಫ್ ಕೂಡ ಆರಂಭದಲ್ಲೇ 128 ಅಥವಾ ಹೆಚ್ಚಿನ ಬೆಲೆಯ ಕನಿಷ್ಠ ನಾಲ್ಕು ಬೈಟ್‌ಗಳ ಟಿಪ್ಪಣಿ ಇಡಬೇಕೆನ್ನುತ್ತದೆ, 'ನಾನು ಪಠ್ಯವಲ್ಲ' ಎಂದು ಹಣೆಯ ಮೇಲೆ ಬರೆದುಕೊಂಡಂತೆ.

ಪ್ಯಾಕೇಜ್ ರೂಪಿಸಿದವರು ಅಷ್ಟು ಜಾಗರೂಕರಾಗಲಿಲ್ಲ. ಜಾವಾದ ಜಾರ್, ಆಂಡ್ರಾಯ್ಡಿನ ಎಪಿಕೆ, ಇಪಬ್ ಪುಸ್ತಕ ಇವೆಲ್ಲದರ ಒಳಗಿರುವುದು 1989ರಲ್ಲಿ ಫಿಲ್ ಕಾಟ್ಜ್ ಹೊರತಂದ ಜಿಪ್ ಮಾದರಿ. ಜಿಪ್‌ನಲ್ಲಿ ಪ್ರತಿ ಕಡತಕ್ಕೂ ಪಠ್ಯವೋ ದ್ವಿಮಾನವೋ ಎಂದು ಸೂಚಿಸಲು ಒಂದು ಬಿಟ್ ಮೀಸಲಾಗಿದೆ. ಆದರೆ ನಿರ್ದಿಷ್ಟ ವಿವರಣೆ ಹೇಳುವುದೇನು ಗೊತ್ತೇ? ಆ ಬಿಟ್ 1 ಆಗಿದ್ದರೆ ಕಡತ 'ಮೇಲ್ನೋಟಕ್ಕೆ' ಪಠ್ಯ! ಕಡತ ಮಾಡಿದವನಿಗೆ ಖಚಿತವಾಗಿ ಗೊತ್ತಿರುವ ಸಂಗತಿಯನ್ನು ಪ್ಯಾಕೇಜಿನ ಸಲಕರಣೆ ಊಹಿಸುತ್ತದೆ, ಬಿಚ್ಚುವ ಸಲಕರಣೆ ಆ ಊಹೆಯನ್ನು ನಂಬಿ ಸಾಲಿನ ಗುರುತುಗಳನ್ನು ಬದಲಿಸಬಲ್ಲದು. ಗಿಟ್‌ನಲ್ಲೂ ಮೊದಲು ಊಹೆಯೇ. ವ್ಯತ್ಯಾಸ ತೋರಿಸುವಾಗ ಅದು ಕಡತದ ಆರಂಭದ 8000 ಬೈಟ್‌ಗಳಲ್ಲಿ ಸೊನ್ನೆ ಬೆಲೆಯ ಬೈಟ್ ಇದೆಯೇ ಎಂದು ಹುಡುಕುತ್ತದೆ. ಆದರೆ 'ಈ ಬಗೆಯ ಕಡತಗಳು ದ್ವಿಮಾನ, ಮುಟ್ಟಬೇಡ' ಎಂದು ಬರೆದಿಡಲು ಗಿಟ್ ಒಂದು ಗುಣಪಟ್ಟಿಯ ಕಡತವನ್ನು ಒದಗಿಸಿದೆ. ಅದನ್ನು ಬರೆದಿಡುವ ವಿದ್ಯಾರ್ಥಿ ತಂಡಗಳು ವಿರಳ.

ಜಿಪ್‌ನಲ್ಲಿ ಸಿಆರ್‌ಸಿ-32 ಎಂಬ ತಾಳೆ ಸಂಖ್ಯೆ ಇದೆಯಲ್ಲ, ತಪ್ಪು ಹಿಡಿಯಬೇಕಲ್ಲ ಎಂದು ನೀವು ಕೇಳಬಹುದು. ಅದು ಹಿಡಿಯುವುದಿಲ್ಲ. ಫಾಂಟ್ ಕೆಟ್ಟದ್ದು ಜಿಪ್‌ನೊಳಗೆ ಹೋಗುವ ಮುಂಚೆ. ಜಿಪ್ ತನ್ನ ಕೈಗೆ ಬಂದ ಕೆಟ್ಟ ಫಾಂಟಿಗೆ ಅತ್ಯಂತ ನಿಖರವಾದ ತಾಳೆ ಸಂಖ್ಯೆ ಹಾಕುತ್ತದೆ. ಅದರ ಮೇಲೆ ಡಿಜಿಟಲ್ ಸಹಿ ಬೀಳುತ್ತದೆ. 2016ರ ಆಂಡ್ರಾಯ್ಡ್ 7ರಿಂದ ಸಹಿಯ ವ್ಯಾಪ್ತಿ ಬಿಡಿ ಕಡತಗಳನ್ನು ದಾಟಿ ಇಡೀ ಎಪಿಕೆಗೆ ವಿಸ್ತರಿಸಿತು, ಒಳ್ಳೆಯದೇ. ಆದರೂ ಅರಗಿನ ಮುದ್ರೆ ಹೇಳುವುದು ಮುದ್ರೆ ಬಿದ್ದ ಮೇಲೆ ಯಾರೂ ಲಕೋಟೆ ಬಿಚ್ಚಿಲ್ಲ ಎಂದಷ್ಟೇ. ಒಳಗಿನ ಪತ್ರ ಸರಿಯಾದದ್ದೇ ಎಂದು ಅದು ಹೇಳಲಾರದು. ನಮ್ಮ ಪಠ್ಯಪುಸ್ತಕಗಳು ತಾಳೆ ಸಂಖ್ಯೆ, ಸಹಿಗಳ ಗಣಿತವನ್ನು ಕಲಿಸುತ್ತವೆ. ಮುದ್ರೆಗೆ ಮುಂಚಿನ ಆ ಅರ್ಧ ಗಳಿಗೆಯ ಬಗ್ಗೆ ಅವು ಹೇಳುವುದು ಬಹಳ ಕಡಿಮೆ.

ಆ ಅರ್ಧ ಗಳಿಗೆಯಲ್ಲಿ ಕೈಮರೆವಿನ ಬದಲು ದುರುದ್ದೇಶ ಇದ್ದರೆ ಏನಾಗಬಹುದೆಂದು 2024ರಲ್ಲಿ ಜಗತ್ತು ನೋಡಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಸಂಕುಚಿಸುವ ಸಲಕರಣೆ. ಅದರ ಲೈಬ್ರರಿ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲೂ ಇದೆ. ಸಂಕುಚನ ತಂತ್ರಾಂಶವನ್ನು ಪರೀಕ್ಷಿಸಲು ಮಾದರಿ ಕಡತಗಳು ಬೇಕು; ಸರಿಯಾದವೂ ಬೇಕು, ಬೇಕೆಂದೇ ಕೆಡಿಸಿದವೂ ಬೇಕು. ಕೆಟ್ಟ ಕಡತ ಕೊಟ್ಟಾಗ ತಂತ್ರಾಂಶ ಮರ್ಯಾದೆಯಿಂದ ದೋಷ ಸಾರುತ್ತದೆಯೇ ಎಂದು ನೋಡಬೇಕಲ್ಲ! ಯೋಜನೆಯಲ್ಲಿ ವಿಶ್ವಾಸ ಗಳಿಸಿ ಸಹ-ನಿರ್ವಾಹಕನಾಗಿದ್ದ ವ್ಯಕ್ತಿಯೊಬ್ಬ ಅಂಥ ಮಾದರಿಗಳ ರಾಶಿಗೆ ಹೊಸ ದ್ವಿಮಾನ ಕಡತಗಳನ್ನು ಸೇರಿಸಿದ. ಒಂದರ ಹೆಸರಿನಲ್ಲೇ ಅದು ಕೆಟ್ಟ ಕಡತವೆಂದು ಬರೆದಿತ್ತು. ಕೆಟ್ಟ ಕಡತ ಕೆಟ್ಟಿದೆ ಎಂದು ಯಾರು ಅನುಮಾನಿಸುತ್ತಾರೆ?

ಆ ಕಡತದಲ್ಲಿ ಕೆಲವು ಬೈಟ್‌ಗಳನ್ನು ಅದಲುಬದಲು ಮಾಡಿದರೆ, ಟ್ಯಾಬ್ ಇದ್ದಲ್ಲಿ ಖಾಲಿ ಜಾಗ, ಅಡ್ಡಗೆರೆ ಇದ್ದಲ್ಲಿ ಅಡಿಗೆರೆ ಹೀಗೆ, ಅದು ಸರಿಯಾದ ಸಂಕುಚಿತ ಕಡತವಾಗುತ್ತಿತ್ತು. ಬಿಚ್ಚಿದರೆ ಒಳಗೆ ಆದೇಶಗಳು. ನಮ್ಮ ಫಾಂಟನ್ನು ಹಾಳುಮಾಡಿದ್ದು ಬೈಟ್‌ಗಳ ಬದಲಾವಣೆ. ಇಲ್ಲಿ ಹಾಳಾಗಿದ್ದ ಕಡತವನ್ನು ಸರಿಮಾಡಿದ್ದೂ ಅದೇ ಜಾತಿಯ ಬದಲಾವಣೆ. ಆ ಆದೇಶಗಳು ಇನ್ನೊಂದು ಮಾದರಿ ಕಡತದಿಂದ ಸಿದ್ಧ ಯಂತ್ರಭಾಷೆಯ ತುಣುಕನ್ನು ಹೊರತೆಗೆದು ಲೈಬ್ರರಿಗೆ ಬೆಸೆಯುತ್ತಿದ್ದವು. ಈ ಸರಪಳಿಯನ್ನು ಚಾಲೂ ಮಾಡುವ ಸಾಲುಗಳು ಎಲ್ಲರೂ ನೋಡುವ ಮೂಲ ಸಂಗ್ರಹದಲ್ಲಿ ಇರಲಿಲ್ಲ, ಬಿಡುಗಡೆಯ ಪ್ಯಾಕೇಜಿನಲ್ಲಿ ಮಾತ್ರ ಇದ್ದವು. ಆ ವರ್ಷ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಹೊರಬಂದ 5.6.0 ಹಾಗೂ 5.6.1 ಆವೃತ್ತಿಗಳು ಡೆಬಿಯನ್ ಮತ್ತು ಫೆಡೋರಾಗಳ ಪ್ರಾಯೋಗಿಕ ಶಾಖೆಗಳನ್ನು ತಲಪಿದವು. ನಿರ್ದಿಷ್ಟ ಗುಪ್ತ ಕೀಲಿ ಹೊಂದಿದವನು ಅಂಥ ಕಂಪ್ಯೂಟರಿಗೆ ದೂರದಿಂದಲೇ ಆದೇಶ ಕೊಡಬಹುದಿತ್ತು. ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್ ಅವರು ದೂರದ ಕಂಪ್ಯೂಟರಿಗೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ, ಮಾರ್ಚ್ 29ರಂದು ಸಂಗತಿಯನ್ನು ಬಹಿರಂಗಪಡಿಸಿದರು. ತಾಳೆ ಸಂಖ್ಯೆಗಳೆಲ್ಲ ಸರಿಯಾಗಿಯೇ ಇದ್ದವು. ಸಹಿಯೂ ಅಸಲಿ.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪ್ಯಾಕೇಜಿನ ಪ್ರತಿಯೊಂದು ದ್ವಿಮಾನ ಕಡತಕ್ಕೂ ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ಹೊರಟಂತೆಯೇ ಬಂದು ತಲಪಿತೇ? ಹೊರಟದ್ದು ಎಲ್ಲಿಂದ? ಪಠ್ಯವನ್ನಾದರೆ ತೆರೆದು ಓದಬಹುದು. ಫಾಂಟನ್ನು, ಸಂಕುಚಿತ ಕಡತವನ್ನು ಓದಿ ಒಪ್ಪುವವರಿಲ್ಲ. ಅದಕ್ಕೇ ಅವುಗಳ ಜೊತೆ ಹುಟ್ಟಿನ ದಾಖಲೆ ಬೇಕು.

ಇಂಥ ಪ್ರಯತ್ನಗಳು ಇಲ್ಲದಿಲ್ಲ. ಡೆಬಿಯನ್‌ನ ಹೊಸ ಮೂಲ ಪ್ಯಾಕೇಜ್ ಮಾದರಿಯಲ್ಲಿ ಪ್ಯಾಕೇಜ್ ಕಟ್ಟುವವರು ತಮ್ಮ ಭಾಗಕ್ಕೆ ದ್ವಿಮಾನ ಕಡತ ಸೇರಿಸಿದರೆ ಅದರ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಸಲಕರಣೆ ಕೆಲಸ ನಿಲ್ಲಿಸುತ್ತದೆ. ಮೇವನ್‌ನಲ್ಲಿ ಕಾಣದ ಗಡಸುತನ ಇಲ್ಲಿದೆ. ಆದರೆ ಆ ಪಟ್ಟಿಯಲ್ಲಿ ಹೆಸರಷ್ಟೇ ಇರುತ್ತದೆ. ಲಿನಕ್ಸ್‌ನ ಫರ್ಮ್‌ವೇರ್ ಸಂಗ್ರಹ ಒಂದು ಹೆಜ್ಜೆ ಮುಂದೆ ಹೋಗಿದೆ. ವೈಫೈ, ಗ್ರಾಫಿಕ್ಸ್ ಮೊದಲಾದ ಸಾಧನಗಳಿಗೆ ತಯಾರಕರು ಕೊಟ್ಟ ದ್ವಿಮಾನ ಕಡತಗಳು ಅಲ್ಲಿವೆ. ಜೊತೆಗೆ 'ಎಲ್ಲಿಂದ' ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವನ್ನೇ ಹೆಸರಾಗಿ ಹೊತ್ತ ಪಠ್ಯ ಕಡತವೊಂದಿದೆ. ಯಾವ ಫರ್ಮ್‌ವೇರ್ ಯಾವ ಚಾಲಕ ತಂತ್ರಾಂಶಕ್ಕೆ, ಅದರ ಪರವಾನಗಿ ಏನು ಎಂದು ಅದರಲ್ಲಿ ನಮೂದಾಗಿರುತ್ತದೆ. ಆ ಹೆಸರು ನನಗೆ ಬಹಳ ಇಷ್ಟ. ಕೊರತೆಯೆಂದರೆ, ಫರ್ಮ್‌ವೇರನ್ನು ಯಾವ ಮೂಲದಿಂದ ಹೇಗೆ ತಯಾರಿಸಿದರು ಎಂಬುದು ಬಹುಪಾಲು ತಯಾರಕರ ಬಳಿಯೇ ಉಳಿದುಬಿಡುತ್ತದೆ.

ದ್ವಿಮಾನ ಕಡತಗಳನ್ನು ಬೇಸ್-64 ಸಂಕೇತದಲ್ಲಿ ಪಠ್ಯವಾಗಿ ಬರೆದು ಸೇರಿಸಿದರಾಯಿತು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗುತ್ತವೆ, ಗಾತ್ರ ಮೂರನೆಯ ಒಂದು ಭಾಗ ಹೆಚ್ಚುತ್ತದೆ, ದಾರಿಯಲ್ಲಿ ಕೆಡುವ ಭಯ ಬಹಳ ಮಟ್ಟಿಗೆ ಇಲ್ಲ. ಮೊದಲ ಪ್ರಶ್ನೆಗೆ ಅದು ಉತ್ತರ. ಎರಡನೆಯದಕ್ಕೆ ಅಲ್ಲ, ಓದಲಾಗದ ಕಡತಕ್ಕೆ ಓದಬಹುದಾದ ಕಡತದ ವೇಷ ಹಾಕಿದಂತಾಗುತ್ತದೆ.

ಕನ್ನಡದ ಮಟ್ಟಿಗೆ ಈ ಮಾತು ಫಾಂಟ್‌ಗಳಿಗೆ ನೇರವಾಗಿ ತಾಗುತ್ತದೆ. ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್‌ಗಳು ಮುಕ್ತ ಫಾಂಟ್ ಪರವಾನಗಿಯಲ್ಲಿ ದೊರೆಯುತ್ತವೆ. ತಂತ್ರಾಂಶದ ಜೊತೆ ಕಟ್ಟಿ ಕೊಡಲು ಆ ಪರವಾನಗಿ ಅನುಮತಿಸುತ್ತದೆ; ಆದರೆ ಹಕ್ಕುಸ್ವಾಮ್ಯದ ಸೂಚನೆ ಮತ್ತು ಪರವಾನಗಿಯ ಪಠ್ಯ ಜೊತೆಯಲ್ಲಿರಬೇಕೆನ್ನುತ್ತದೆ. ಅದನ್ನು ಪಾಲಿಸುವ ವಿದ್ಯಾರ್ಥಿ ಯೋಜನೆಗಳು ಎಷ್ಟಿವೆ? ಸ್ನೇಹಿತನ ಪೆನ್‌ಡ್ರೈವಿನಿಂದ ಬಂದ ಫಾಂಟ್ ಯಾವ ಆವೃತ್ತಿಯದು, ಅದರಲ್ಲಿ ಯಾರು ಏನು ತಿದ್ದಿದ್ದಾರೆ ಎಂದು ಕೇಳುವ ಅಭ್ಯಾಸವೇ ನಮ್ಮಲ್ಲಿ ಬೆಳೆದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಯೂನಿಕೋಡ್ ಬರುವ ಮುಂಚಿನ 8 ಬಿಟ್ ಸಂಕೇತದಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ದಾಖಲೆಗಳು ನಮ್ಮ ಕಚೇರಿ, ಶಾಲೆಗಳಲ್ಲಿ ಇನ್ನೂ ಇವೆ. ನಮ್ಮ ಕಣ್ಣಿಗೆ ಅವು ಪಠ್ಯ. ಯುಟಿಎಫ್-8 ಓದುವ ಸಲಕರಣೆಗೆ ಅವು ಫಾಂಟಿನಷ್ಟೇ ಅರ್ಥಹೀನ, ಅದರ ಕೈಗೆ ಸಿಕ್ಕರೆ ಫಾಂಟಿನಂತೆಯೇ ನಾಶವಾಗುತ್ತವೆ. ಅವನ್ನು ಪ್ಯಾಕೇಜಿಗೆ ಸೇರಿಸುವುದಾದರೆ, ಯೂನಿಕೋಡಿಗೆ ಪರಿವರ್ತಿಸುವವರೆಗೆ ದ್ವಿಮಾನ ಕಡತಗಳೆಂದೇ ಕಾಣಬೇಕು.

ಅಧ್ಯಾಪಕರು ಇದನ್ನು ಪ್ರಯೋಗಾಲಯದಲ್ಲಿ ಒಂದು ಅವಧಿಯಲ್ಲಿ ಮಾಡಿಸಬಹುದು. ವಿದ್ಯಾರ್ಥಿಗಳ ಯೋಜನೆಯಿಂದ ಒಂದು ಫಾಂಟ್ ಆರಿಸಿ, ಅದರ ಶಾ-256 ತಾಳೆ ಸಂಖ್ಯೆ ತೆಗೆಯಿರಿ. ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಇದಕ್ಕೆ ಸಿದ್ಧ ಆದೇಶಗಳಿವೆ. ಈಗ ಪ್ಯಾಕೇಜ್ ಕಟ್ಟಿಸಿ, ಕಟ್ಟಿದ ಪ್ಯಾಕೇಜನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಒಳಗಿಂದ ಬಂದ ಫಾಂಟಿನ ಸಂಖ್ಯೆಯನ್ನೂ ತೆಗೆದು ಹೋಲಿಸಿ. ಆಮೇಲೆ ಫಿಲ್ಟರಿಂಗ್ ಚಾಲೂ ಮಾಡಿ ಇಡೀ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿ. ಎರಡನೆಯ ಸಲ ಬಂದ ಫಾಂಟಿನ ಬೈಟ್‌ಗಳನ್ನು ಸಾಲಾಗಿ ಮುದ್ರಿಸಿ, 239, 191, 189 ಎಷ್ಟು ಸಲ ಬಂದಿದೆ ಎಂದು ಎಣಿಸಲು ಹೇಳಿ. ಯೋಜನೆಯ ವರದಿಯಲ್ಲಿ ಒಂದು ಪುಟ ಬಿಡಿಸಿ, ಪ್ಯಾಕೇಜಿನ ಪ್ರತಿ ದ್ವಿಮಾನ ಕಡತಕ್ಕೂ ಒಂದೊಂದು ಸಾಲು ಬರೆಸಿ: ಹೆಸರು, ತಂದ ಜಾಗ, ಆವೃತ್ತಿ, ಪರವಾನಗಿ, ತಾಳೆ ಸಂಖ್ಯೆ. ಎಷ್ಟು ಸಾಲುಗಳಲ್ಲಿ 'ತಂದ ಜಾಗ' ಖಾಲಿ ಉಳಿಯಿತು ಎಂಬುದನ್ನು ಪರೀಕ್ಷಕರು ಮೊದಲು ನೋಡಲಿ.